ತೊಟ್ಟಿನ ಸುತ್ತಲ ಹಸಿರು

ಹೋದ ತಿಂಗಳು ಒಂದು ಮದುವೆಗೆಂದು ನಾಗಮಂಗಲದಿಂದ ಕೆ.ಆರ್.ಪೇಟೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುವಾಗ ತರಕಾರಿ ಮಾರುವ ಹೆಂಗಸೊಬ್ಬಳು ದೊಡ್ಡದೊಂದು ಸಿಹಿಗುಂಬಳವನ್ನು ಮಚ್ಚಿನಿಂದ ಸೀಳುತ್ತಿದ್ದಳು. ಹಸಿ ಸೌತೆಕಾಯಿಗೆ ಒಂದಿಷ್ಟು ಬೆಲ್ಲ ಬೆರೆತಂಥ ಆ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ.

"ಎಷ್ಟ್ ಕೊಡ್ಲಿ ಸಾರ್? ಒಳ್ಳೆ ಬಣ್ಣ ಬಂದದೆ ನೋಡಿ" ಎಂದಳು.

ಬೇಡ ಎಂದು ತಲೆಯಾಡಿಸಿ ಮುಂದೆ ಬಂದೆ. ಬಸ್ಸಿಗೆ ಇನ್ನೂ ಸಮಯವಿತ್ತು. ಕಲ್ಲುಬೆಂಚಿನ ಮೇಲೆ ಕೂತವನಿಗೆ ಸಿಂಧಘಟ್ಟದ ಹತ್ತಿರದ ಆ ಹಳ್ಳಿ, ನಂಜುಂಡಾಚಾರ್ರ ನಡುಮನೆ, ಆ ಒಂದು ವರ್ಷ, ಎಲ್ಲ ನೆನಪಿಗೆ ಬಂತು.

ನಾನು ಚಿತ್ರಕಲೆ ಮೇಷ್ಟ್ರು. ಆಗ ನನಗೆ ಮೂವತ್ನಾಲ್ಕು ವರ್ಷ. ಹುಟ್ಟಿದ್ದು ಶ್ರೀರಂಗಪಟ್ಟಣದ ಕಡೆಯ ಅರಕೆರೆ. ಆ ವರ್ಷ ಜೂನ್ ತಿಂಗಳಲ್ಲಿ ಆ ಹಳ್ಳಿಯ ಹೈಸ್ಕೂಲಿಗೆ ವರ್ಗವಾಗಿ ಬಂದೆ. ಒಂದು ಟ್ರಂಕು, ಒಂದು ಹಾಸಿಗೆ, ಬಣ್ಣದ ಪೆಟ್ಟಿಗೆ, ಗ್ಯಾಸ್ ಸ್ಟೌವ್. ಬಾಡಿಗೆಗೆ ಸಿಕ್ಕಿದ್ದು ಮಹಡಿಯ ಮೇಲಿನ ಒಂದೇ ಕೋಣೆ. ಮನೆಯೊಡೆಯರು ಮೊದಲ ದಿನವೇ ಕೇಳಿದರು: "ಮನೆಯವ್ರು ಯಾವಾಗ ಬತ್ತಾರೆ ಮೇಷ್ಟ್ರೆ?"

"ಹಬ್ಬ ಕಳೆದ ಮೇಲೆ" ಎಂದೆ. ಯಾವ ಹಬ್ಬವೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಹೆಂಡತಿ ಸುಮಾ ಆ ವರ್ಷದ ಯುಗಾದಿಗೆ ಮೈಸೂರಿನ ತವರಿಗೆ ಹೋದವಳು ಹಿಂದಿರುಗಿರಲಿಲ್ಲ. ನಮ್ಮ ನಡುವೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಒಂದೇ ಮನೆಯಲ್ಲಿ ಇದ್ದರೂ ಮಾತು ಕಮ್ಮಿಯಾಗುತ್ತಾ ಬಂದು, ಒಂದು ದಿನ ಆಡಲು ಏನೂ ಉಳಿಯಲಿಲ್ಲ. ನಾನೇ ಕೇಳಿ ದೂರದ ಊರಿಗೆ ವರ್ಗ ಮಾಡಿಸಿಕೊಂಡಿದ್ದೆ. ಗೊತ್ತಿಲ್ಲದ ಊರಿನಲ್ಲಿ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಅದು ನಿಜವೇ ಆಯಿತು. ಮನೆಯೊಡೆಯರ ಆ ಪ್ರಶ್ನೆ ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಸ್ಕೂಲಿನಲ್ಲಿ ನನ್ನ ಪೀರಿಯಡ್ಡು ಬಂದರೆ ಗಣಿತದ ಮೇಷ್ಟ್ರು ನಗುತ್ತಲೇ ಇಸಿದುಕೊಳ್ಳುತ್ತಿದ್ದರು. ಸಂಜೆ ಐದಕ್ಕೆ ಕೋಣೆಗೆ ಬಂದರೆ ಮರುದಿನ ಬೆಳಿಗ್ಗೆ ಹಾಜರಿ ಕೂಗುವವರೆಗೂ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಹಾಜರಿಯ ಮೊದಲ ಹೆಸರು ಕೂಗುವಾಗ ದನಿ ಕಟ್ಟಿಕೊಂಡಿರುತ್ತಿತ್ತು.

ಪಿತೃಪಕ್ಷಕ್ಕೆ ನಾಲ್ಕು ದಿನ ಮುಂಚೆ ಭಾರೀ ಮಳೆ ಹಿಡಿಯಿತು. ಸಂಜೆ ಕೊಡೆ ಹಿಡಿದು ಬರುತ್ತಿದ್ದೆ. ಎದುರು ಮನೆಯ ಜಗಲಿಯಿಂದ ಒಂದು ದನಿ ಕೂಗಿತು.

"ಯಾರಪ್ಪಾ ಅದು ಓಯ್ತಾ ಇರೋದು? ಒಸಿ ಬಾ ಇಲ್ಲಿ!"

"ನಾನು, ಡ್ರಾಯಿಂಗ್ ಮೇಷ್ಟ್ರು. ಮಹಡಿ ಮೇಲೆ ಇರೋನು" ಎಂದೆ.

"ಮೇಷ್ಟ್ರಾ? ಅಯ್ಯೋ, ತಪ್ಪು ತಿಳ್ಕಬ್ಯಾಡಿ. ಒಂದ್ ಕೈ ಕೊಡಿ. ಇತ್ತಲಲ್ಲಿ ನೀರು ನಿಂತ್ಬುಟ್ಟದೆ. ಕಾಯಿ ಕೊಳ್ತೋಯ್ತದೆ."

ಕೂಗಿದವರು ನಂಜುಂಡಾಚಾರ್ರು, ಅಕ್ಕಸಾಲಿ. ಎಪ್ಪತ್ತರ ಹತ್ತಿರದ ವಯಸ್ಸು, ತೆಳ್ಳಗೆ, ನೆಟ್ಟಗೆ ಕೂರುವ ಮನುಷ್ಯ. ಸುತ್ತಲ ಹಳ್ಳಿಗಳ ಎಷ್ಟೋ ತಾಳಿ ಅವರ ಕೈಯಲ್ಲಿ ಆದದ್ದು. ಈಗ ಅವರ ಕಣ್ಣು ಹೋಗಿತ್ತು. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಬೆಳಕು ಯಾವುದು, ನೆರಳು ಯಾವುದು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಕಾಣುತ್ತಿತ್ತು. ಬಣ್ಣ ಮಾತ್ರ ಪೂರ್ತಿ ಹೋಗಿತ್ತು.

ಹಿತ್ತಲಿಗೆ ಹೋಗಿ ನೋಡಿದೆ. ತಿಪ್ಪೆಯ ಪಕ್ಕ ಎಲೆಗಳ ನಡುವೆ ಒಂದೇ ಒಂದು ಸಿಹಿಗುಂಬಳ. ಅಂಥ ಕಾಯಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ತೋಳಲ್ಲಿ ತಬ್ಬಿದರೂ ಬೆರಳು ಬೆರಳಿಗೆ ಸಿಕ್ಕದು. ಆಚಾರ್ರು ತಡವುತ್ತಾ ಬಂದು, ತೊಟ್ಟನ್ನು ಬೆರಳಲ್ಲಿ ಹುಡುಕಿ, ಒಂದು ಗೇಣು ಬಳ್ಳಿ ಬಿಟ್ಟು ತಾವೇ ಕುಡುಗೋಲಿನಿಂದ ಕೊಯ್ದರು. ಪಕ್ಕದ ಮನೆಯಲ್ಲಿದ್ದ ಅವರ ತಮ್ಮ ಬಂದ. ಗೋಣಿಚೀಲದ ಮೇಲೆ ಉರುಳಿಸಿಕೊಂಡು ನಾವಿಬ್ಬರೂ ಆ ಕಾಯಿಯನ್ನು ನಡುಮನೆಗೆ ಹೊತ್ತು ತಂದೆವು. ಹುಲ್ಲಿನ ಸಿಂಬಿ ಮಾಡಿ ಅದರ ಮೇಲೆ ಕೂರಿಸಿದೆವು.

ತಮ್ಮನ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತು ನೋಡಿ, "ಪಕ್ಸಕ್ಕೆ ಸರ್ಯಾಗಿ ಬಂತು ಬುಡಿ ಬಾವ. ಊರಿಗೆಲ್ಲಾ ಪಲ್ಯ ಆಯ್ತದೆ" ಎಂದಳು.

"ಅದನ್ನ ಯಾರೂ ಮುಟ್ಟಂಗಿಲ್ಲ" ಎಂದರು ಆಚಾರ್ರು.

ಅವಳು ಗೊಣಗುತ್ತಾ ಹೋದಳು. ಆಚಾರ್ರು ನನ್ನ ಕಡೆಗೆ ಮುಖ ತಿರುಗಿಸಿದರು.

"ಡ್ರಾಯಿಂಗ್ ಅಂದ್ರಲ್ಲ. ಬಣ್ಣ ಗೊತ್ತಾಯ್ತದಾ ಅಂಗಾರೆ?"

"ಅದೊಂದೇ ನನಗೆ ಗೊತ್ತಿರೋದು."

"ಈ ಕಾಯಿ ಬಣ್ಣ ಏಳಿ ನೋಡಾನ."

ನಾನು ಲೈಟು ಹಾಕಿಸಿ ನೋಡಿದೆ. "ಕಡು ಹಸಿರು. ಮೇಲೆ ಬೂದಿ ಉದುರಿಸಿದ ಹಾಗೆ ಒಂದು ತೆಳುವಾದ ಪುಡಿ. ಏಣುಗಳ ಮೇಲೆ ಹಸಿರು ಗಾಢ, ಸಂದಿನಲ್ಲಿ ಸ್ವಲ್ಪ ತೆಳು. ನೆಲಕ್ಕೆ ಅಂಟಿದ್ದ ಜಾಗದಲ್ಲಿ ಒಂದು ತಟ್ಟೆಯಷ್ಟು ಬೆಣ್ಣೆ ಬಣ್ಣ."

ಅವರು ಆ ಏಣುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ, "ಇಂಗೆ ಏಳೋರು ಬೇಕಾಗಿತ್ತು. ಜಯಮ್ಮನ್ನ ಕೇಳಿದ್ರೆ 'ಕುಂಬ್ಳಕಾಯಿ ಬಣ್ಣ' ಅಂತಾಳೆ" ಎಂದರು. ನಾನು ನಕ್ಕೆ. ಆ ಊರಿಗೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲಿರಬೇಕು.

ಆ ಕಾಯಿಯ ಸಂಗತಿ ಅವರೇ ಹೇಳಿದರು. ಅವರ ಹೆಂಡತಿ ಪುಟ್ಟತಾಯಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಯಾಗಿ ಬಂದಾಗ ತವರಿನಿಂದ ಆ ಕುಂಬಳದ ಬೀಜ ತಂದು, ಪ್ರತಿ ವರ್ಷವೂ ಹಿತ್ತಲಲ್ಲಿ ಹಾಕಿ, ಬೀಜ ಉಳಿಸಿಕೊಂಡು ಬಂದಿದ್ದರು. ಅವರು ಹೋದ ಮೇಲೆ ಒಂದು ವರ್ಷ ಯಾರೂ ಹಾಕಲಿಲ್ಲ. ಈ ಸಲ ಡಬ್ಬಿಯಲ್ಲಿ ಐದು ಬೀಜ ಉಳಿದಿದ್ದವು. ಐದರಲ್ಲಿ ಹುಟ್ಟಿದ್ದು ಒಂದು. ಆ ಬಳ್ಳಿಯಲ್ಲಿ ನಿಂತದ್ದು ಈ ಒಂದು ಕಾಯಿ. ಪಾಂಡವಪುರಕ್ಕೆ ಕೊಟ್ಟಿರುವ ಮಗಳು ರತ್ನ, ಅವ್ವನ ಬೀಜ ತನಗೂ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು.

"ಕಾಯಿ ಪೂರ್ತಿ ಬಲೀದೆ ಕುಯ್ದ್ಬುಟ್ಟೊ, ಮಳೆ ದೆಸೆಯಿಂದ. ಆದ್ರೂ ಕುಯ್ದ ಮ್ಯಾಲೂ ಒಳಗೆ ಬೀಜ ಬಲೀತದೆ ಅನ್ನೋಳು ಪುಟ್ಟತಾಯಿ. ಒಂದ್ ಉಗುರಷ್ಟು ಅಸ್ರು ಇದ್ರೂವೆ ಸೀಳಬ್ಯಾಡಿ, ಬೀಜ ಜೊಳ್ಳಾಗಿರ್ತದೆ ಅನ್ನೋಳು. ನಂಗೆ ಕಾಣಾಕಿಲ್ಲ. ಜಯಮ್ಮನ ಮಾತು ನಂಬಾಕಿಲ್ಲ, ಅವಳಿಗೆ ಪಲ್ಯದ ಮ್ಯಾಲೇ ಕಣ್ಣು. ನೀವು ಬಂದು ನೋಡಿ ಏಳ್ತೀರಾ ಮೇಷ್ಟ್ರೆ?"

ಹಾಗೆ ಶುರುವಾಯಿತು. ದಿನವೂ ಸ್ಕೂಲು ಬಿಟ್ಟ ಮೇಲೆ ನಾನು ಆ ನಡುಮನೆಗೆ ಹೋಗುತ್ತಿದ್ದೆ. ಕಾಯಿಯ ಸುತ್ತ ಒಂದು ಸುತ್ತು ಬಂದು, ಕಂಡದ್ದನ್ನು ಹೇಳುತ್ತಿದ್ದೆ. ಜಯಮ್ಮ ಟೀ ತಂದಿಡುತ್ತಿದ್ದಳು. ವಾರಕ್ಕೊಮ್ಮೆ ಡ್ರಾಯಿಂಗ್ ಶೀಟಿನ ಮೇಲೆ ಸಣ್ಣ ಚೌಕ ಹಾಕಿ, ಆ ದಿನದ ಬಣ್ಣವನ್ನು ಕಲಸಿ ತುಂಬಿ, ಕೆಳಗೆ ತಾರೀಖು ಬರೆದಿಡುತ್ತಿದ್ದೆ.

ಮೊದಲ ಎರಡು ವಾರ ಏನೂ ಆಗಲಿಲ್ಲ. ದಸರಾ ಹೊತ್ತಿಗೆ ಕಡು ಹಸಿರು ಮಂಕಾಗಿ ಕೆರೆಯ ಪಾಚಿಯಂತಾಯಿತು. ಆಮೇಲೆ ತಳದ ಬೆಣ್ಣೆ ಬಣ್ಣ ಅರಿಸಿನಕ್ಕೆ ತಿರುಗಿತು. ಅರಿಸಿನ ಅಂಚು ಮೀರಿ, ಸಂದುಗಳ ದಾರಿ ಹಿಡಿದು ಮೇಲೆ ಹತ್ತತೊಡಗಿತು. ಏಣುಗಳು ಹಟ ಹಿಡಿದಂತೆ ಹಸಿರಾಗೇ ಇದ್ದವು. ಒಂದು ಕಡೆ ಗೋಡೆಗೆ ಮುಖ ಮಾಡಿದ್ದ ಭಾಗ ಹಿಂದುಳಿಯಿತು. ನಾನು ಹೇಳಿದ್ದಕ್ಕೆ ಆಚಾರ್ರು ತಮ್ಮನನ್ನು ಕರೆದು ಕಾಯಿ ತಿರುಗಿಸಿಟ್ಟರು.

ನನ್ನ ಮಾತನ್ನು ಅವರು ತಮ್ಮ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದರು. "ಹಳದಿ, ಆದರೆ ಒಳಗೆ ಹಸಿರು ಇದ್ದ ಹಾಗೆ" ಎಂದರೆ, "ಬೆಳ್ಳಿ ಜಾಸ್ತಿ ಬಿದ್ದಿರೋ ಚಿನ್ನ" ಎನ್ನುವರು. "ಇಟ್ಟಿಗೆಯ ಕಡೆಗೆ ತಿರುಗಿದೆ" ಎಂದರೆ, "ಅದು ತಾಮ್ರ ಕಣ್ ಮೇಷ್ಟ್ರೆ. ತಾಮ್ರ ಏರ್ತಾ ಅದೆ" ಎಂದು ಖುಷಿಪಡುವರು. ಒಂದು ದಿನ ಕಪ್ಪನೆಯ ಒರೆಗಲ್ಲನ್ನು ತಂದು ನನ್ನ ಕೈಗಿಟ್ಟು, ಅದರ ಮೇಲೆ ಉಳಿದಿದ್ದ ಹಳೆಯ ಗೆರೆಗಳನ್ನು ಒಂದೊಂದಾಗಿ ಓದಿಸಿದರು. ನಾನು ಬಣ್ಣ ಹೇಳಿದ ಹಾಗೆ ಅವರು ಯಾರ ಮನೆಯ ಬಳೆ, ಯಾರ ಮನೆಯ ಓಲೆ ಎಂದು ಹೇಳುತ್ತಾ ಹೋದರು. ಆ ಸಂಜೆ ನಾನು ಕೋಣೆಗೆ ಹೋದಾಗ ಬಾಯಿ ಒಣಗಿತ್ತು. ಅಷ್ಟು ಮಾತಾಡಿದ್ದೆ.

ಅವರೂ ಒಮ್ಮೆ ಕೇಳಿದರು, "ಮನೆಯವ್ರು ಯಾವಾಗ ಬತ್ತಾರೆ?"

"ದೀಪಾವಳಿ ಕಳೆದ ಮೇಲೆ" ಎಂದೆ.

ದೀಪಾವಳಿ ಕಳೆಯಿತು. ಅದಾದ ಒಂದು ವಾರಕ್ಕೆ, ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಸುಮಾ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬರಲ್ಲ. ನೀವು ಕಾಯ್ತಾ ಇರಬೇಡಿ. ಹೇಳದೆ ಇರೋದು ತಪ್ಪು ಅನ್ನಿಸ್ತು, ಅದಕ್ಕೆ ಹೇಳಿದೆ" ಎಂದಳು. "ಸರಿ" ಎಂದೆ. ಆರೋಗ್ಯ ವಿಚಾರಿಸಿದಳು. ಚೆನ್ನಾಗಿದ್ದೀನಿ ಎಂದೆ. ಅಷ್ಟೇ.

ಆ ಸಂಜೆ ನಡುಮನೆಗೆ ಹೋದೆ. ಹಿಂದಿನ ದಿನ ತೊಟ್ಟಿನ ಸುತ್ತ ಮಾತ್ರ ಒಂದು ಉಂಗುರದಷ್ಟು ಹಸಿರು ಉಳಿದಿತ್ತು. ಬಾಗಿ ನೋಡಿದೆ. ಅದು ಹೋಗಿತ್ತು. ಇಡೀ ಕಾಯಿ ಕಾವಿ ಬಣ್ಣಕ್ಕೆ ತಿರುಗಿ, ಮೇಲೆ ತೆಳ್ಳಗೆ ಬೂದಿ ಕವಿದು ಕೂತಿತ್ತು. ತೊಟ್ಟು ಒಣಗಿ ಬಿರಿದಿತ್ತು.

"ಎಂಗದೆ ಮೇಷ್ಟ್ರೆ? ಓಯ್ತಾ ಅಸ್ರು? ಓಗಿದ್ರೆ ನಾಳೇನೆ ರತ್ನಂಗೆ ಫೋನ್ ಮಾಡ್ತೀನಿ. ಬರ್ಲಿ, ಸೀಳ್ಬುಡಾನ."

ಟೀ ಲೋಟ ಕೈಯಲ್ಲಿತ್ತು. ನಾಳೆ ಸೀಳಿದರೆ ನಾಡಿದ್ದು ಐದು ಗಂಟೆಗೆ ನಾನು ಎಲ್ಲಿಗೆ ಹೋಗಲಿ ಎಂಬುದೊಂದೇ ನನ್ನ ತಲೆಗೆ ಬಂದದ್ದು.

"ಇನ್ನೂ ಇದೆ ಆಚಾರ್ರೇ. ತೊಟ್ಟಿನ ಸುತ್ತ. ಒಂದು ಉಂಗುರದಷ್ಟು."

"ಇರ್ಲಿ ಬುಡಿ. ಆತ್ರ ಏನು" ಎಂದರು ಅವರು.

ಒಂದು ದಿನದ ಸುಳ್ಳು ಎಂದುಕೊಂಡಿದ್ದೆ. ಆದರೆ ಮರುದಿನವೂ ಅವರು ಅದೇ ನಂಬಿಕೆಯಿಂದ ಕೇಳಿದರು. ಮರುದಿನವೂ ಹಸಿರು ಇತ್ತು. ಕಬ್ಬು ಕಟಾವಿನ ಟ್ರಾಕ್ಟರುಗಳು ಓಡಾಡತೊಡಗಿದವು, ಬೆಳಗಿನ ಹೊತ್ತು ಮಂಜು ಇಳಿಯಿತು, ಸ್ಕೂಲಿನಲ್ಲಿ ಮೂರನೆಯ ಕಿರುಪರೀಕ್ಷೆ ಮುಗಿಯಿತು. ನಡುಮನೆಯ ಆ ಕಾಯಿಗೆ ನನ್ನ ಬಾಯಲ್ಲಿ ಮಾತ್ರ ಹಸಿರು ಉಳಿದಿತ್ತು. ಶೀಟಿನ ಮೇಲೆ ನಾನು ಸುಳ್ಳು ಬಳಿಯಲಿಲ್ಲ. ಅಲ್ಲಿ ವಾರವಾರವೂ ಅದೇ ಕಾವಿ, ಒಂದಕ್ಕಿಂತ ಒಂದು ಮಂಕು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಬಂದ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇನ್ನೂ ಎಷ್ಟ್ ದಿನ ಮಡಿಕ್ಕಂಡಿರ್ತೀರಾ ಬಾವ? ಅಣ್ಣಾಗಿ ಎಷ್ಟೋ ಕಾಲ ಆಯ್ತು. ಅಸ್ರೂ ಇಲ್ಲ ಏನೂ ಇಲ್ಲ."

ಆಚಾರ್ರು ಕೈ ಬೀಸಿದರು. "ನಿಂಗೇನ್ ಗೊತ್ತು ಓಗಮ್ಮ. ಬಣ್ಣ ತಿಳ್ದೋರು ದಿನಾ ನೋಡ್ತಾವ್ರೆ."

ಅವಳು ನನ್ನನ್ನು ಒಮ್ಮೆ ನೋಡಿದಳು. ಎಳ್ಳುಬೆಲ್ಲದ ತಟ್ಟೆ ಇಟ್ಟು ಹೋದಳು. ಆಗಲಾದರೂ ನಾನು ಹೇಳಬಹುದಿತ್ತು. ಎಳ್ಳು ಅಗಿಯುತ್ತಾ ಕೂತಿದ್ದೆ.

ಶಿವರಾತ್ರಿಗೆ ರತ್ನ ಹೇಳದೆ ಕೇಳದೆ ಬಂದಳು. ನಾನು ಸಂಜೆ ಹೋದಾಗ ಅವಳು ಕಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯಾಡಿಸುತ್ತಿದ್ದಳು.

"ಬನ್ನಿ ಮೇಷ್ಟ್ರೆ" ಎಂದಳು. "ಎಲ್ಲದೆ ತೋರ್ಸಿ ಅಸ್ರು? ಅಪ್ಪ ಅದೆ ಅಂತದೆ. ನಂಗೆ ಕಾಣ್ತಾ ಇಲ್ಲ."

ಆಚಾರ್ರು ನನ್ನ ಕಡೆ ಮುಖ ಎತ್ತಿದರು. ಉತ್ತರಕ್ಕೆ ಕಾಯುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ. ಆ ಮೌನವೇ ಅವರಿಗೆ ಸಾಕಾಯಿತು.

"ಸೀಳು" ಎಂದರು ಮಗಳಿಗೆ.

ಮಚ್ಚು ಒಳಗಿಳಿದಾಗ ಟೊಳ್ಳು ಸದ್ದಾಯಿತು. ಎರಡು ಹೋಳಾಗಿ ಬಿದ್ದ ಕಾಯಿಯ ಒಳಗೆ ನಾರು ನಾರು. ಆ ನಾರಿನ ನಡುವೆ ಬಿಳಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೊದಲು ಹುಳುವೆಂದುಕೊಂಡೆ. ಅವು ಬೇರುಗಳು. ಬೀಜಗಳೆಲ್ಲ ಕಾಯಿಯ ಒಳಗೇ ಬಿರಿದು ಮೊಳೆತು, ಬೆಳಕಿಲ್ಲದೆ ಸುತ್ತಿ ಸುತ್ತಿ ಬೆಳೆದಿದ್ದವು. ಕೆಲವು ಆಗಲೇ ಕೊಳೆತು ಕಪ್ಪಾಗಿದ್ದವು. ಹುಳಿ ಬೆರೆತ ಸಿಹಿ ವಾಸನೆ ನಡುಮನೆಯನ್ನೆಲ್ಲ ತುಂಬಿತು.

ಆಚಾರ್ರು ಬಾಗಿ ಬೆರಳು ತೂರಿಸಿದರು. ಒಂದು ಮೊಳಕೆಯನ್ನು ತುದಿಯಿಂದ ಬುಡದವರೆಗೂ ಮುಟ್ಟಿ ನೋಡಿದರು.

"ಮೊಳ್ತೋಗವೆ" ಎಂದರು. ಬೆರಳು ಹೊರಗೆ ತೆಗೆದು, "ಅಸ್ರು ಯಾವಾಗ ಓಗಿತ್ತು ಮೇಷ್ಟ್ರೆ?"

"ದೀಪಾವಳಿ ಆದ ವಾರಕ್ಕೆ."

"ಯಾಕೆ ಏಳ್ಲಿಲ್ಲ?"

"ಹೇಳಿದ್ರೆ ಸೀಳಿಬಿಡ್ತಿದ್ರಿ. ಸೀಳಿದ ಮೇಲೆ ಈ ಮನೆಗೆ ಬರೋಕೆ ನನಗೆ ಕಾರಣ ಇರ್ತಿರಲಿಲ್ಲ."

ರತ್ನ ಮಚ್ಚು ಕೆಳಗಿಟ್ಟಳು. ಆಚಾರ್ರು ಪಂಚೆಗೆ ಬೆರಳು ಒರೆಸಿಕೊಂಡರು.

"ಐವತ್ತು ವರ್ಷ ಚಿನ್ನ ಮುಟ್ಟಿದೆ. ಒಂದ್ ಗುಂಜಿ ತಾಮ್ರ ಬೆರೆಸಿದ್ರೂ ಒರೆಗಲ್ಲು ಏಳ್ಬುಡೋದು. ನಿಮ್ಮನ್ನ ಒರೆಗೆ ಅಚ್ಲಿಲ್ಲ ನಾನು. ಓಗಿ ಮೇಷ್ಟ್ರೆ."

ನಾನು ಎದ್ದೆ. ಬಾಗಿಲ ಹತ್ತಿರ ರತ್ನ ಹಿಂದೆಯೇ ಬಂದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಅವ್ವಂದು ಅಂತ ಉಳಿದಿದ್ದು ಅದೊಂದೇ ಕಣ್ರೀ" ಎಂದಳು. ಆಮೇಲೆ ಅವಳೇ, ಮುರಿಯದೆ ಉಳಿದ ಮೊಳಕೆಗಳನ್ನು ಆರಿಸಿ, ಹಾಲಿನ ಖಾಲಿ ಕವರುಗಳಲ್ಲಿ ಮಣ್ಣು ತುಂಬಿ ನೆಟ್ಟುಕೊಂಡು ಮರುದಿನ ಪಾಂಡವಪುರದ ಬಸ್ಸು ಹತ್ತಿದಳು ಎಂದು ಜಯಮ್ಮ ಹೇಳಿದಳು. ಸೋತು ಬಾಡಿದ್ದ ಐದು ಮೊಳಕೆಗಳು ಅವಳ ಕೈಯಲ್ಲಿದ್ದ ಬಾಳೆ ಎಲೆಯಲ್ಲಿ ಉಳಿದಿದ್ದವು. "ತಿಪ್ಪೆಗೆ ಆಕ್ತೀನಿ, ನಿಮಗೆ ಬೇಕಾ?" ಎಂದು ಕೇಳಿದಳು. ಇಸಿದುಕೊಂಡೆ.

ಆ ಐದನ್ನು ಸ್ಕೂಲಿನ ನಲ್ಲಿಯ ಪಕ್ಕ ನೆಟ್ಟೆ. ಬೇಲಿಗೆ ಮುಳ್ಳು ತಂದು ಹಾಕಿದೆ. ಬಿಸಿಲು ಏರುತ್ತಿತ್ತು. ಮಧ್ಯಾಹ್ನ ಅವುಗಳ ಮೇಲೆ ನನ್ನ ಕೊಡೆ ಬಿಚ್ಚಿಟ್ಟು ನಾನು ಬಿಸಿಲಲ್ಲಿ ನಡೆಯುತ್ತಿದ್ದೆ. ಹದಿನೈದು ದಿನ ನಾನು ಎದುರು ಮನೆಗೆ ಹೋಗಲಿಲ್ಲ. ಸಂಜೆ ಕೋಣೆಯ ಕಿಟಕಿಯಿಂದ ನೋಡಿದರೆ ಆಚಾರ್ರು ಜಗಲಿಯ ಮೇಲೆ ನೆಟ್ಟಗೆ ಕೂತಿರುತ್ತಿದ್ದರು. ಐದು ಗಂಟೆಗೆ ಬಂದು ಕೂತು, ಕತ್ತಲಾಗುವ ಮುಂಚೆ ಒಳಗೆ ಹೋಗುತ್ತಿದ್ದರು.

ಹದಿನಾರನೆಯ ದಿನ ಹೋದೆ. ಮೆಟ್ಟಿಲ ಕೆಳಗೇ ನಿಂತು ಹೇಳಿದೆ. "ಐದು ಸಸಿ ನೆಟ್ಟಿದ್ದೆ ಆಚಾರ್ರೇ. ಮೂರು ಸತ್ತವು. ಒಂದಕ್ಕೆ ಎರಡು ಎಲೆ ಬಂದಿವೆ, ತಿಳಿ ಹಸಿರು. ಇನ್ನೊಂದು ಹಳದಿಯಾಗಿದೆ, ಬದುಕೋದು ಅನುಮಾನ."

ನಾನು ಹೊರಡಲಿಲ್ಲ. "ಇನ್ನೊಂದು ಹೇಳಬೇಕು" ಎಂದೆ. "ನನ್ನ ಹೆಂಡತಿ ಬರಲ್ಲ. ಯಾವ ಹಬ್ಬಕ್ಕೂ ಬರಲ್ಲ. ಬರ್ತಾಳೆ ಅಂತ ಊರಿಗೆಲ್ಲ ಹೇಳಿದ್ದೆ."

ಆ ಊರಿನಲ್ಲಿ ಆ ಮಾತನ್ನು ನಾನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ನನಗೇ ಅದು ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತು.

ಆಚಾರ್ರು ಜಗಲಿಯ ಮೇಲೆ ಸ್ವಲ್ಪ ಸರಿದು ಕೂತರು. "ಜಯಮ್ಮಾ, ಎಲ್ಡ್ ಟೀ ತತ್ತಾ" ಎಂದು ಕೂಗಿದರು. ಆಮೇಲೆ ನನಗೆ, "ಸುಳ್ಳು ಏಳ್ದಿದ್ರೂ ಬರ್ಬೋದಾಗಿತ್ತು ನೀವು. ಬಾ ಅಂತ ನಾನೂ ಬಾಯ್ಬುಟ್ಟು ಅನ್ಲಿಲ್ಲ. ನಂದೂ ಅದೆ ತಪ್ಪು" ಎಂದರು. ಅವರ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ನನ್ನ ಎರಡು ಸಸಿಗಳಲ್ಲಿ ಹಳದಿಯದು ಸತ್ತಿತು. ಇನ್ನೊಂದನ್ನು ಬೇಸಿಗೆ ರಜೆಯಲ್ಲಿ ಆಡು ಮೇಯ್ದುಬಿಟ್ಟಿತು. ಪಾಂಡವಪುರದಲ್ಲಿ ರತ್ನಳ ಹಿತ್ತಲಿನ ಬಳ್ಳಿ ಮಾತ್ರ ನಿಂತು, ಜೂನ್ ಹೊತ್ತಿಗೆ ಮೂರು ಕಾಯಿ ಹಿಡಿಯಿತು. ಆಚಾರ್ರೇ ಹೇಳಿದರು, ಮುಖವನ್ನೆಲ್ಲ ಅರಳಿಸಿಕೊಂಡು. ಅವು ಬಲಿತು ಬಣ್ಣಕ್ಕೆ ತಿರುಗುವ ಮುಂಚೆಯೇ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಮುಂದೆ ಒಂದು ವರ್ಷಕ್ಕೆ ಆಚಾರ್ರು ಮಗಳ ಮನೆಗೇ ಹೋದರೆಂದು ಕೇಳಿದೆ. ನಾಗಮಂಗಲದಿಂದ ಪಾಂಡವಪುರ ಎಷ್ಟು ದೂರ? ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಹೋಗಬೇಕು ಎಂದುಕೊಂಡೇ ಆರು ವರ್ಷ ಕಳೆದೆ. ಈಗ ಅವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ.

ನಾನು ಊರು ಬಿಟ್ಟ ದಿನ ಮಳೆ ಬಂದು ನಿಂತಿತ್ತು. ಟ್ರಂಕು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಗೋಡೆ ಹಿಡಿದು, ಕೋಲೂರಿಕೊಂಡು, ಆಚಾರ್ರು ಒಬ್ಬರೇ ನಡೆದು ಬಂದರು. ಅಷ್ಟು ದೂರ ಅವರು ಒಬ್ಬರೇ ಬಂದದ್ದನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿ ನಿಂತರು. ಬಸ್ಸಿನ ಸದ್ದು ಕೇಳಿತು.

"ಬಂತಾ? ಯಾವ ಬಣ್ಣದ ಬಸ್ಸು?"

"ಕೆಂಪು."

"ಎಂಥ ಕೆಂಪು?"

"ಕೆಳಗೆ ಅರ್ಧ ಕೆಸರು ಆಚಾರ್ರೇ. ಮೇಲುಗಡೆ ಬಿಸಿಲಿಗೆ ಬಿಳಿಚಿಕೊಂಡದೆ. ಮುಂದಿನ ಬಾಗಿಲ ಹತ್ತಿರ ಒಂದು ತಗಡು ಮಾತ್ರ ಹೊಸದಾಗಿ ಬಳಿದವ್ರೆ, ಅಲ್ಲಿ ಹೊಳೀತದೆ."

"ಸರಿ. ಅತ್ಕಳಿ" ಎಂದರು.

ಮುಂದಿನ ಬಾಗಿಲಲ್ಲಿ ಹತ್ತಿ, ಹೋಗಿ ಬರ್ತೀನಿ ಎಂದೆ. ಟ್ರಂಕಿಗೆ ಜಾಗವಿರಲಿಲ್ಲ. ಕಂಡಕ್ಟರು ಹಿಂದಕ್ಕೆ ಕಳಿಸಿದ. ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡಿದೆ. ಆಚಾರ್ರು ನಾನು ಕೊನೆಯ ಮಾತಾಡಿದ ಆ ಮುಂದಿನ ಬಾಗಿಲ ಕಡೆಗೇ ಮುಖ ಮಾಡಿ, ಕೈ ಎತ್ತಿಕೊಂಡು ನಿಂತಿದ್ದರು. ಇಲ್ಲಿದ್ದೀನಿ ಎಂದು ಕೂಗಬೇಕೆಂದುಕೊಂಡೆ. ಅಷ್ಟರಲ್ಲಿ ಬಸ್ಸು ಹೊರಟಿತು. ಬಾಗಿಲು ಅವರ ಮುಂದಿನಿಂದ ಸರಿದು ಹೋಯಿತು, ನನ್ನ ಕಿಟಕಿಯೂ ಸರಿದು ಹೋಯಿತು, ಅವರ ಕೈ ಇನ್ನೂ ಮೇಲೆಯೇ ಇತ್ತು.